ಬಯಲಲ್ಲಿ ಬಿಡಾರ

ಯಗಟಿ ಕಡೂರು ತಾಲ್ಲೂಕಿನ ಒಂದು ಹೋಬಳಿಯ ಊರು. ಪಶ್ಚಿಮದ ಬಾಬಾಬುಡನ್ ಗಿರಿಗಳು ಇಲ್ಲಿಗೆ ಬಹಳ ದೂರವಲ್ಲವಾದರೂ, ಆ ಗಿರಿಗಳ ಮೇಲೆ ಸುರಿಯುವ ಮಳೆಯಲ್ಲಿ ಒಂದು ಸಣ್ಣ ಪಾಲು ಮಾತ್ರ ಈ ಬಯಲುಸೀಮೆಗೆ ದಕ್ಕುತ್ತದೆ. ರಾಗಿ ಮತ್ತು ತೆಂಗನ್ನು ನಂಬಿ ಬದುಕುವ ನೆಲ ಇದು. ಸುಗ್ಗಿ ಮುಗಿದು, ಕಣದ ರಾಶಿ ಮನೆ ಸೇರಿ, ಎತ್ತುಗಳಿಗೂ ಮನುಷ್ಯರಿಗೂ ಒಂದಿಷ್ಟು ಬಿಡುವು ದೊರೆಯುವ ಮಾಘಮಾಸದಲ್ಲಿ ಈ ಸೀಮೆಯ ಹಳ್ಳಿಗಳಲ್ಲಿ ಗಾಡಿ ಕಟ್ಟುವ ಸಡಗರ ಆರಂಭವಾಗುತ್ತಿತ್ತು. ಅಂತರಘಟ್ಟೆಯ ದುರ್ಗಾಂಬೆಯ ಜಾತ್ರೆಗೆ ಸುತ್ತಣ ಊರುಗಳಿಂದ ಎತ್ತಿನ ಗಾಡಿಗಳು ಸಾಲುಗಟ್ಟಿ ಹೊರಡುತ್ತಿದ್ದವು. ಈಗಲೂ ಹೊರಡುತ್ತವೆ, ಆದರೆ ಅವುಗಳ ಜೊತೆಗೆ ಟ್ರ್ಯಾಕ್ಟರುಗಳೂ ಕಾರುಗಳೂ ಸೇರಿಕೊಂಡಿವೆ.

ಗಾಡಿಯ ಪಯಣ ನಿಧಾನದ್ದು. ಗಂಟೆಗೆ ಮೂರು ನಾಲ್ಕು ಕಿಲೋಮೀಟರು ಸಾಗಿದರೆ ಹೆಚ್ಚು. ಆದುದರಿಂದ ದಾರಿಯಲ್ಲಿ ಎಲ್ಲಿಯಾದರೂ ಇಳಿಯಲೇಬೇಕು. ಜಾತ್ರೆಯ ಬಯಲಿನಲ್ಲಂತೂ ಒಂದೆರಡು ರಾತ್ರಿ ಉಳಿಯಲೇಬೇಕು. ಮರದ ನೆರಳು, ನೀರಿನ ಆಸರೆ ನೋಡಿ ಗಾಡಿ ಬಿಟ್ಟು, ಮೂರು ಕಲ್ಲು ಹೂಡಿ ಒಲೆ ಹೊತ್ತಿಸಿದರೆ ಅದೇ ಮನೆ. ಹೀಗೆ ಉಳಿಯುವುದಕ್ಕೆ ನಮ್ಮ ಹಿರಿಯರು ಬಿಡಾರ ಹೂಡುವುದು ಎನ್ನುತ್ತಿದ್ದರು. ಇಂದು ಪಟ್ಟಣದವರು ಬಟ್ಟೆಯ ಗುಡಾರಗಳನ್ನು ಕಟ್ಟಿಕೊಂಡು ಬೆಟ್ಟದ ಬುಡಕ್ಕೋ ಕೆರೆಯ ಅಂಚಿಗೋ ಹೋಗಿ ಇರುಳು ಕಳೆಯುವುದನ್ನು ಹೊಸ ವಿನೋದವೆಂದು ಭಾವಿಸುತ್ತಾರೆ. ಹೆಸರು ಹೊಸದು, ಕೆಲಸ ಹಳೆಯದು.

ನಾನು ಬಾಲ್ಯದಲ್ಲಿ, 1970ರ ದಶಕದಲ್ಲಿ, ಕಂಡ ಬಿಡಾರಗಳಲ್ಲಿ ಒಂದು ಸಂಗತಿ ನನಗೆ ಈಗ ವಿಶೇಷವಾಗಿ ತೋರುತ್ತದೆ. ಹದಿನಾಲ್ಕು ಹದಿನೈದು ವರ್ಷದ ಹುಡುಗರು ಅಲ್ಲಿ ಬೇಸರವೆಂಬ ಮಾತನ್ನೇ ಆಡುತ್ತಿರಲಿಲ್ಲ. ಹೊರಡುವ ಹಿಂದಿನ ದಿನ ಅಚ್ಚಿಗೆ ಕೀಲೆಣ್ಣೆ ಹಾಕುವುದು, ಕಡಾಣಿ ಭದ್ರವಾಗಿದೆಯೇ ಎಂದು ನೋಡುವುದು, ಎತ್ತುಗಳ ಎರಡು ದಿನದ ಮೇವನ್ನು ಅಳತೆಯಿಂದ ಗಾಡಿಗೆ ಹೇರುವುದು ಅವರ ಪಾಲಿನ ಕೆಲಸ. ಕಡಾಣಿ ಕಳಚಿದರೆ ಗಾಲಿ ಕಳಚುತ್ತದೆ, ಗಾಲಿ ಕಳಚಿದರೆ ಅಜ್ಜಿಯೂ ಕೂಸೂ ನೆಲಕ್ಕೆ ಉರುಳುತ್ತಾರೆ ಎಂಬುದು ಆ ಹುಡುಗನಿಗೆ ಗೊತ್ತು. ಅವನಿಗೆ ಗೊತ್ತಿದೆಯೆಂಬುದು ಅವನ ತಂದೆಗೂ ಗೊತ್ತು. ರಾತ್ರಿ ಎತ್ತುಗಳ ಪಕ್ಕದಲ್ಲಿ ಕಂಬಳಿ ಹೊದ್ದು ಮಲಗುವ ಗೌರವವೂ ಅವನದೇ. ಮನೆಯವರ ಸುರಕ್ಷತೆ ಆತನ ಕೈಯಲ್ಲಿ ಅಷ್ಟಿಷ್ಟಾದರೂ ಇತ್ತು. ಬೇಸರ ಎಲ್ಲಿಂದ ಬರಬೇಕು?

ಆದರೆ ಹಳೆಯದನ್ನೆಲ್ಲ ಹೊಗಳುವ ಇಚ್ಛೆ ನನಗಿಲ್ಲ. ಪಾನಕದ ಗಾಡಿಗಳನ್ನು ಪೈಪೋಟಿಯಿಂದ ಓಡಿಸಿ ಎತ್ತುಗಳನ್ನೂ ಜನರನ್ನೂ ಅಪಾಯಕ್ಕೆ ಒಡ್ಡುವುದನ್ನು ನಾನು ಎಂದೂ ಮೆಚ್ಚಿದವನಲ್ಲ. ಇನ್ನೊಂದು ಕೊರತೆ ಅದಕ್ಕಿಂತ ಆಳವಾದದ್ದು. ಅದೇ ಗಾಡಿಯಲ್ಲಿ ಬಂದ ಅದೇ ವಯಸ್ಸಿನ ಹುಡುಗಿಗೆ ಬಿಡಾರವೆಂದರೆ ಏನಾಗಿತ್ತು? ಮನೆಯ ಒಲೆ ಮರದ ಕೆಳಗೆ ಬಂದಿತ್ತು, ಅಷ್ಟೆ. ನೀರು ಹೊರುವುದು, ಮುದ್ದೆ ತೊಳಸುವುದು, ಪಾತ್ರೆ ಬೆಳಗುವುದು, ಅಳುವ ತಮ್ಮನನ್ನು ಎತ್ತಿಕೊಳ್ಳುವುದು ಎಲ್ಲವೂ ಊರಿನಲ್ಲಿದ್ದಂತೆಯೇ. ಹೊಗೆ ಮಾತ್ರ ಹೆಚ್ಚು. ಅವಳ ತಾಯಿಗೂ ಅಷ್ಟೆ. ಗಂಡಸರು ಹರಟೆ ಹೊಡೆಯುವ ಹೊತ್ತಿನಲ್ಲಿ ಹೆಂಗಸರು ಮರುದಿನದ ಬುತ್ತಿಗೆ ಅಕ್ಕಿ ಆರಿಸುತ್ತಿದ್ದರು. ಮನೆಮಂದಿಯ ವಿಹಾರದಲ್ಲಿ ಅರ್ಧ ಮನೆಗೆ ವಿಹಾರವಿಲ್ಲವಾದರೆ ಅದನ್ನು ವಿಹಾರವೆಂದು ಕರೆಯುವುದು ಕಷ್ಟ.

ಈಗಿನ ಕುಟುಂಬದ ಪ್ರವಾಸವನ್ನು ನೋಡಿ. ತಂದೆ ರಜೆ ಹಾಕಿದ್ದಾರೆ. ತಾಯಿ ಎರಡು ದಿನದಿಂದ ಚಕ್ಕುಲಿ, ಚಿತ್ರಾನ್ನಗಳ ಸಿದ್ಧತೆಯಲ್ಲಿದ್ದಾರೆ. ಹೋಗುವ ಸ್ಥಳ, ಹೊರಡುವ ಗಳಿಗೆ, ಉಳಿಯುವ ಜಾಗ ಎಲ್ಲವೂ ನಿಶ್ಚಯವಾಗಿದೆ. ಮಗ ಕಾರಿನ ಹಿಂದಿನ ಆಸನದಲ್ಲಿ ಮೊಬೈಲಿನೊಳಗೆ ಮುಳುಗಿದ್ದಾನೆ. ಮಗಳು ‘ನಾನು ಬರುವುದಿಲ್ಲ, ಅಜ್ಜಿಯ ಜೊತೆ ಮನೆಯಲ್ಲೇ ಇರುತ್ತೇನೆ’ ಎಂದು ಹೇಳಿ ಬೈಸಿಕೊಂಡು ಬಂದಿದ್ದಾಳೆ. ‘ಇಷ್ಟೆಲ್ಲ ಖರ್ಚು ಮಾಡಿ ಕರೆದುಕೊಂಡು ಬಂದರೂ ಇವರಿಗೆ ಸಂತೋಷವಿಲ್ಲವಲ್ಲ’ ಎಂಬ ನೋವು ಹಿರಿಯರದು. ‘ನಮ್ಮನ್ನು ಒಂದು ಮಾತೂ ಕೇಳಲಿಲ್ಲವಲ್ಲ’ ಎಂಬ ಅಸಮಾಧಾನ ಕಿರಿಯರದು. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಇದನ್ನು ಓದುತ್ತಿರುವ ನೀವು ಆ ಹಿಂದಿನ ಆಸನದವರೇ ಆದುದರಿಂದ, ವಿಷಯವನ್ನು ನಿಮ್ಮೊಡನೆಯೇ ಚರ್ಚಿಸುವುದು ಉಚಿತವೆಂದು ನನಗೆ ತೋರುತ್ತದೆ.

ಹತ್ತು ವರ್ಷದ ಮಗುವಿಗೆ ಉಯ್ಯಾಲೆ ಕಟ್ಟಿಕೊಟ್ಟರೆ ಸಂತೋಷವಾಗುತ್ತದೆ. ಹದಿನೈದರ ಹರೆಯಕ್ಕೆ ಉಯ್ಯಾಲೆ ಸಾಲದು. ಹಗ್ಗವನ್ನೂ ಕೊಂಬೆಯನ್ನೂ ಅದರ ಕೈಗೇ ಕೊಡಬೇಕು. ತನ್ನ ಬುದ್ಧಿಯಿಂದ, ತನ್ನ ತೋಳಿನಿಂದ ಏನಾದರೂ ನಡೆಯಬೇಕು, ಅದು ನಾಲ್ವರಿಗೆ ಬೇಕಾದದ್ದಾಗಿರಬೇಕು ಎಂಬ ಹಂಬಲ ಆ ವಯಸ್ಸಿನದು. ಸಿದ್ಧಪಡಿಸಿದ ಸುಖವನ್ನು ತಟ್ಟೆಯಲ್ಲಿಟ್ಟು ಮುಂದೆ ನೂಕಿದರೆ ಅದು ತಟ್ಟೆಯನ್ನು ಹಿಂದಕ್ಕೆ ನೂಕುತ್ತದೆ. ಹಿರಿಯರು ಇದನ್ನು ಕೃತಘ್ನತೆಯೆಂದು ತಿಳಿಯುತ್ತಾರೆ.

ಇದನ್ನು ಚೆನ್ನಾಗಿ ಅರಿತಿದ್ದವನು ರಾಬರ್ಟ್ ಬೇಡನ್ ಪೊವೆಲ್. ಆತ ಇಂಗ್ಲೆಂಡಿನ ಸೇನಾಧಿಕಾರಿ. 1907ರ ಆಗಸ್ಟ್ ತಿಂಗಳಿನಲ್ಲಿ ಆತ ಆ ದೇಶದ ದಕ್ಷಿಣ ಕರಾವಳಿಯ ಬ್ರೌನ್‌ಸೀ ಎಂಬ ಪುಟ್ಟ ದ್ವೀಪಕ್ಕೆ ಸುಮಾರು ಇಪ್ಪತ್ತು ಮಂದಿ ಬಾಲಕರನ್ನು ಕರೆದೊಯ್ದು ಗುಡಾರಗಳಲ್ಲಿ ಇರಿಸಿದ. ಅವರಲ್ಲಿ ಸಿರಿವಂತರ ಶಾಲೆಗಳ ಹುಡುಗರೂ ಇದ್ದರು, ದುಡಿಯುವವರ ಮನೆಯ ಹುಡುಗರೂ ಇದ್ದರು. ಬೇಡನ್ ಪೊವೆಲ್ ಅವರನ್ನು ನಾಲ್ಕು ತಂಡಗಳಾಗಿ ವಿಂಗಡಿಸಿ, ಪ್ರತಿ ತಂಡಕ್ಕೂ ಅವರೊಳಗಿನ ಹಿರಿಯ ಹುಡುಗನೊಬ್ಬನನ್ನು ನಾಯಕನನ್ನಾಗಿ ಮಾಡಿ, ತಂಡದ ನಡತೆಗೆ ಅವನನ್ನೇ ಹೊಣೆ ಮಾಡಿದ. ಬೆಂಕಿ ಹೊತ್ತಿಸುವುದು, ಗಂಟು ಹಾಕುವುದು, ಹೆಜ್ಜೆಗುರುತು ಹಿಡಿದು ಹೋಗುವುದು ಆ ಶಿಬಿರದ ಪಾಠಗಳು. ಸ್ಕೌಟ್ ಚಳವಳಿ ಹುಟ್ಟಿದ್ದು ಈ ಪ್ರಯೋಗದಿಂದ. ಹತ್ತು ವರ್ಷಗಳಲ್ಲೇ, 1917ರಲ್ಲಿ, ಅದು ಮೈಸೂರು ಸಂಸ್ಥಾನಕ್ಕೂ ಬಂದಿತು. ಸ್ವಾತಂತ್ರ್ಯಾನಂತರ, 1950ರಲ್ಲಿ, ದೇಶದ ಬೇರೆಬೇರೆ ಸ್ಕೌಟ್ ಸಂಘಗಳು ಒಂದುಗೂಡಿ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಸಂಸ್ಥೆ ಆಯಿತು. ದಾವಣಗೆರೆಯ ಬಳಿಯ ಕೊಂಡಜ್ಜಿಯ ಶಿಬಿರವನ್ನು ನಿಮ್ಮಲ್ಲಿ ಕೆಲವರು ಕಂಡಿರಬಹುದು. ಹುಡುಗನಿಗೆ ಹೊಣೆ ಕೊಡು, ಕೊಟ್ಟ ಮೇಲೆ ಕೈಹಾಕಬೇಡ ಎಂಬ ಆ ದ್ವೀಪದ ಸೂತ್ರವನ್ನು ಸಾವಿರಾರು ಶಾಲೆಗಳು ಒಪ್ಪಿಕೊಂಡವು. ಮನೆಗಳು ಮಾತ್ರ ಇನ್ನೂ ಪೂರ್ತಿಯಾಗಿ ಒಪ್ಪಿಕೊಂಡಂತಿಲ್ಲ.

ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳೋಣ. ಯಗಟಿಯ ತಂದೆ, ತಾಯಿ, ಹದಿನೈದರ ಮಗಳು, ಹದಿಮೂರರ ಮಗ, ಒಬ್ಬ ಅಜ್ಜಿ. ಮಾಘದ ಒಂದು ಶನಿವಾರ ಇವರು ಅಯ್ಯನಕೆರೆಯ ಕಡೆಗೆ ಹೋಗಿ ಒಂದು ರಾತ್ರಿ ಇರಬೇಕೆಂದಿದ್ದಾರೆ. ಮೊದಲ ಮಾತು ‘ಎಲ್ಲಿಗೆ?’ ಎಂಬುದು ಊಟದ ಹೊತ್ತಿನಲ್ಲಿ ಎಲ್ಲರೆದುರಿಗೆ ಬರಲಿ. ಅನಂತರ ತಂದೆಯು ಖರ್ಚಿಗೆಂದು ತೆಗೆದಿಟ್ಟ ಎರಡು ಸಾವಿರ ರೂಪಾಯಿಗಳನ್ನು ಮಗಳ ಕೈಯಲ್ಲಿಟ್ಟು, ‘ಐದು ಜನ, ಎರಡು ದಿನ. ಲೆಕ್ಕ ನಿನ್ನದು’ ಎನ್ನಲಿ. ದಾರಿ ಯಾವುದು, ನೀರು ಎಲ್ಲಿ, ಅಕ್ಕಿ ಎಷ್ಟು, ಅಜ್ಜಿಯ ಔಷಧಿ ಯಾವ ಚೀಲದಲ್ಲಿ ಎಂಬುದೆಲ್ಲ ಆಕೆಯ ಪುಸ್ತಕದಲ್ಲಿರಲಿ. ಗುಡಾರ, ಗೂಟ, ಹಗ್ಗ, ದೀಪ, ಒಲೆ ಇವು ಮಗನ ಪಾಲಿಗೆ. ಗುಡಾರ ಕೊಳ್ಳುವ ಅಗತ್ಯವೇನೂ ಇಲ್ಲ. ರಾಗಿ ಒಣಗಿಸುವ ಟಾರ್ಪಾಲನ್ನು ಎರಡು ಮರಗಳ ನಡುವೆ ಹಗ್ಗ ಬಿಗಿದು ಅದರ ಮೇಲೆ ಇಳಿಬಿಟ್ಟು, ನಾಲ್ಕು ಮೂಲೆಗಳಿಗೆ ಗೂಟ ಹೊಡೆದರೆ ಚೆನ್ನಾದ ಬಿಡಾರವಾಗುತ್ತದೆ. ಅಡಿಗೆಯನ್ನು ಮೊದಲ ರಾತ್ರಿ ತಂದೆ ಮಗ, ಮರುದಿನ ತಾಯಿ ಮಗಳು ಮಾಡಲಿ. ತಾಯಿಗೆ ಒಂದು ಇರುಳಾದರೂ ಕೈಕಟ್ಟಿ ಕುಳಿತು ಉಣ್ಣುವ ಅವಕಾಶ ದೊರೆಯಲಿ.

ಇಲ್ಲಿ ಹಿರಿಯರ ಪಾಲಿಗೆ ಬರುವ ಕೆಲಸ ಎಲ್ಲಕ್ಕಿಂತ ಕಠಿಣವಾದದ್ದು. ಅದು ಸುಮ್ಮನಿರುವುದು. ಹಸಿ ಸೌದೆ ಹೊಗೆಯಾಡುತ್ತದೆ, ಅನ್ನ ಮುದ್ದೆಯಾಗುತ್ತದೆ, ಉಪ್ಪು ಮನೆಯಲ್ಲೇ ಉಳಿದಿರುತ್ತದೆ. ‘ನಾನು ಹೇಳಿರಲಿಲ್ಲವೆ?’ ಎಂಬ ಮಾತು ತಂದೆಯ ನಾಲಿಗೆಯ ತುದಿಗೆ ಬಂದು ನಿಲ್ಲುತ್ತದೆ. ಆ ಮಾತನ್ನು ಅವರು ಅನ್ನದೊಡನೆ ನುಂಗಿಕೊಂಡರೆ ಪ್ರವಾಸ ಗೆದ್ದಿತು. ಪಕ್ಕದ ಹಳ್ಳಿಗೆ ಹೋಗಿ ಒಂದು ಹಿಡಿ ಉಪ್ಪು ಕೇಳಿ ತರುವ ಹುಡುಗ ಆ ನಡಿಗೆಯನ್ನು ನಲವತ್ತು ವರ್ಷದ ಮೇಲೂ ತನ್ನ ಮಕ್ಕಳಿಗೆ ಹೇಳುತ್ತಾನೆ. ಉಪ್ಪು ಸರಿಯಾಗಿದ್ದ ಊಟದ ನೆನಪು ಯಾರಿಗೂ ಇರುವುದಿಲ್ಲ.

ಅಯ್ಯನಕೆರೆ ನಮ್ಮ ರಾಜ್ಯದ ದೊಡ್ಡ ಕೆರೆಗಳಲ್ಲಿ ಒಂದು. ಕಡೂರಿನಿಂದ ಚಿಕ್ಕಮಗಳೂರಿಗೆ ಹೋಗುವ ದಾರಿಯಲ್ಲಿ ಸಖರಾಯಪಟ್ಟಣವಿದೆ; ಅದರ ಸಮೀಪದಲ್ಲಿ, ಶಕುನಗಿರಿಯ ತಪ್ಪಲಿನಲ್ಲಿ ಈ ಜಲರಾಶಿ ಹರಡಿಕೊಂಡಿದೆ. ರುಕ್ಮಾಂಗದರಾಯ ಇದನ್ನು ಕಟ್ಟಿಸಿದನೆಂದು ಐತಿಹ್ಯ. ಹೊಯ್ಸಳರ ಕಾಲದಲ್ಲಿ, 1156ರಲ್ಲಿ, ಇದರ ಜೀರ್ಣೋದ್ಧಾರವಾಯಿತೆಂದು ಹೇಳುತ್ತಾರೆ. ಗಿರಿಯ ನೀರು ಇಲ್ಲಿ ತಂಗಿ, ವೇದಾ ಹೊಳೆಯಾಗಿ ಹೊರಟು, ಮದಗದ ಕೆರೆಯ ಕಡೆಯಿಂದ ಬರುವ ಅವತಿಯನ್ನು ಕೂಡಿಕೊಂಡು ವೇದಾವತಿಯಾಗುತ್ತದೆ. ಮುಂದೆ ಹಿರಿಯೂರಿನ ಬಳಿ ಅದನ್ನು ತಡೆದು ನಿಲ್ಲಿಸಿರುವುದೇ 1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರ. ಇದೆಲ್ಲವನ್ನೂ ಏರಿಯ ಮೇಲೆ ನಿಂತು ತಂದೆ ಉಪನ್ಯಾಸದಂತೆ ಹೇಳತೊಡಗಿದರೆ ಮಕ್ಕಳು ಆಕಳಿಸುವುದು ಖಂಡಿತ. ನಾನು ಮೂವತ್ತಕ್ಕೂ ಹೆಚ್ಚು ವರ್ಷ ಪಾಠ ಹೇಳಿದವನು, ಆಕಳಿಕೆಯನ್ನು ಬಲ್ಲೆ. ‘ಈ ನೀರು ಕೊನೆಗೆ ಎಲ್ಲಿ ಸೇರುತ್ತದೆ?’ ಎಂದು ಒಂದು ಪ್ರಶ್ನೆ ಹಾಕಿ, ಭೂಪಟವನ್ನು ಅವರ ಕೈಗೆ ಕೊಟ್ಟು ಹಿಂದಕ್ಕೆ ಸರಿದು ನಿಂತರೆ ಸಾಕು. ತುಂಗಭದ್ರೆಯ ಮೂಲಕ ಕೃಷ್ಣೆಯನ್ನೂ ಬಂಗಾಳ ಕೊಲ್ಲಿಯನ್ನೂ ಅವರೇ ತಲುಪುತ್ತಾರೆ.

ಶಾಲೆಯಲ್ಲಿ ಕಲಿತದ್ದು ಬಯಲಿನಲ್ಲಿ ಕೈಗೆ ಬಂದಾಗ ಆಗುವ ಆನಂದ ಬೇರೆ. ಒಂದು ತೆಂಗಿನ ಮರದ ಎತ್ತರವೆಷ್ಟು? ಒಂದು ಮೀಟರಿನ ಕೋಲನ್ನು ನೆಟ್ಟಗೆ ನಿಲ್ಲಿಸಿ ಅದರ ನೆರಳನ್ನೂ, ಅದೇ ಗಳಿಗೆಯಲ್ಲಿ ಮರದ ನೆರಳನ್ನೂ ಅಳೆಯಿರಿ. ಕೋಲಿನ ನೆರಳು ಅರ್ಧ ಮೀಟರು, ಮರದ ನೆರಳು ಎಂಟು ಮೀಟರು ಇದ್ದರೆ ಮರ ಹದಿನಾರು ಮೀಟರು. ಮರ ಹತ್ತಬೇಕಾಗಿಲ್ಲ. ಇರುಳಿನಲ್ಲಿ ಇದಕ್ಕಿಂತ ದೊಡ್ಡ ಅಳತೆಯನ್ನು ಮಾಡಬಹುದು. ಮಾಘದಲ್ಲಿ ರಾತ್ರಿ ಹತ್ತರ ವೇಳೆಗೆ ಈಶಾನ್ಯದಲ್ಲಿ ಸಪ್ತರ್ಷಿ ಮಂಡಲ ಮೇಲೇರಿರುತ್ತದೆ. ಅದರ ಪುಲಹ, ಕ್ರತು ಎಂಬ ಎರಡು ನಕ್ಷತ್ರಗಳನ್ನು ಸೇರಿಸುವ ಗೆರೆಯನ್ನು ಕ್ರತುವಿನಾಚೆಗೆ ಐದರಷ್ಟು ಬೆಳೆಸಿದರೆ ಧ್ರುವ ನಕ್ಷತ್ರ ಸಿಗುತ್ತದೆ. ಬೆಟ್ಟ ಅಡ್ಡವಿಲ್ಲದ ಕಡೆ ನಿಂತು, ತೋಳನ್ನು ನೀಳವಾಗಿ ಚಾಚಿ, ಮುಷ್ಟಿಯನ್ನು ಕ್ಷಿತಿಜದ ಮೇಲೆ ಇರಿಸಿದಂತೆ ಹಿಡಿಯಿರಿ. ಚಾಚಿದ ತೋಳಿನ ಮುಷ್ಟಿ ಆಕಾಶದಲ್ಲಿ ಸುಮಾರು 10 ಡಿಗ್ರಿಯನ್ನು ಮರೆಮಾಡುತ್ತದೆ. ಧ್ರುವ ನಕ್ಷತ್ರ ಒಂದು ಮುಷ್ಟಿಯ ಮೇಲೆ ಮತ್ತೆ ಮೂರನೆಯ ಒಂದು ಪಾಲಿನಷ್ಟು ಎತ್ತರದಲ್ಲಿ, ಅಂದರೆ ಹದಿಮೂರು ಹದಿನಾಲ್ಕು ಡಿಗ್ರಿಯಲ್ಲಿ, ಕಾಣುತ್ತದೆ. ಕಡೂರು ಸೀಮೆಯ ಅಕ್ಷಾಂಶವೂ ಸುಮಾರು ಹದಿಮೂರೂವರೆ ಡಿಗ್ರಿ. ಭೂಮಿಯ ಮೇಲೆ ತಾನು ನಿಂತಿರುವ ಸ್ಥಳವನ್ನು ತನ್ನ ಮುಷ್ಟಿಯಿಂದಲೇ ಅಳೆದು ತಿಳಿದ ಹುಡುಗಿ ಆ ರಾತ್ರಿ ಬೇಗನೆ ಮಲಗುವಳೆಂದು ನಿರೀಕ್ಷಿಸಬಾರದು.

ಮಲಗುವ ಮಾತು ಬಂದುದರಿಂದ ಹೇಳುತ್ತೇನೆ. ಹದಿಹರೆಯದಲ್ಲಿ ದೇಹದ ಗಡಿಯಾರವೇ ಹಿಂದಕ್ಕೆ ಸರಿಯುತ್ತದೆ. ನಿದ್ರೆ ತಡವಾಗಿ ಬರುತ್ತದೆ, ಎಚ್ಚರವೂ ತಡವಾಗಿ ಆಗುತ್ತದೆ. ಇದು ಸೋಮಾರಿತನವಲ್ಲವೆಂದು ವಿಜ್ಞಾನ ತೋರಿಸಿಕೊಟ್ಟಿದೆ. ಸೂರ್ಯೋದಯ ನೋಡಲೇಬೇಕೆಂದು ನಸುಕಿನಲ್ಲಿ ಕಂಬಳಿ ಎಳೆಯುವ ಹಿರಿಯರು, ನಕ್ಷತ್ರ ನೋಡಿದ ಇರುಳಿನ ಮರುದಿನ ಒಂದು ಗಂಟೆ ಬಿಟ್ಟುಕೊಟ್ಟರೆ ನಷ್ಟವೇನಿಲ್ಲ. ಹಾಗೆಯೇ, ಈ ವಯಸ್ಸಿಗೆ ಗೆಳೆತನದ ಹಸಿವು ಹೆಚ್ಚು. ಮಾವನ ಮಗಳೋ, ಚಿಕ್ಕಪ್ಪನ ಮಗನೋ, ನೆರೆಮನೆಯ ಸಹಪಾಠಿಯೋ ಒಬ್ಬರು ಜೊತೆಗಿದ್ದರೆ ಬಿಡಾರದ ಬಣ್ಣವೇ ಬದಲಾಗುತ್ತದೆ. ಕೆಲವರಿಗೆ ಯಾರೂ ಬೇಡ. ಪುಸ್ತಕ ಹಿಡಿದು ಮರದ ಬೊಡ್ಡೆಗೆ ಒರಗಿ ಒಬ್ಬರೇ ಕೂರಬೇಕು. ಅವರನ್ನು ‘ಏಕೆ ಮುಖ ಬಾಡಿದೆ?’ ಎಂದು ಗಳಿಗೆಗೊಮ್ಮೆ ಕೇಳದಿರುವುದೇ ಉಪಕಾರ.

ಇನ್ನು ಮೊಬೈಲು. ಅದನ್ನು ಮನೆಯಲ್ಲೇ ಬಿಟ್ಟು ಬರಬೇಕೆಂದು ನಾನು ಹೇಳಲಾರೆ. ದಾರಿ ತಪ್ಪಿದಾಗ, ಅಪಾಯ ಒದಗಿದಾಗ ಅದು ಬೇಕು. ಬಿಡಾರದಲ್ಲಿ ಅದಕ್ಕೆ ಒಂದು ಚೀಲವಿರಲಿ. ಆದರೆ ಆ ಚೀಲದಲ್ಲಿ ಎಲ್ಲರ ಮೊಬೈಲುಗಳೂ ಇರಬೇಕು. ಮಗನದನ್ನು ಕಿತ್ತಿಟ್ಟು, ತಾವು ಮರದ ಹಿಂದೆ ನಿಂತು ಕಚೇರಿಯ ಸಂದೇಶಗಳನ್ನು ನೋಡುವ ತಂದೆಯ ಮಾತಿಗೆ ಬೆಲೆ ಎಲ್ಲಿಂದ ಬರಬೇಕು?

ನಾನು ಇದುವರೆಗೆ ನಿಮ್ಮ ಪರವಾಗಿ ವಾದಿಸಿದೆ. ಆದರೆ ಮೂರು ವಿಷಯಗಳಲ್ಲಿ ಹಿರಿಯರ ಮಾತೇ ಕೊನೆಯ ಮಾತು. ಮೊದಲನೆಯದು ನೀರು. ಕೆರೆಯ ಮೇಲ್ಮೈ ಶಾಂತವಾಗಿ ಕಾಣುತ್ತದೆ. ಒಳಗಿನ ಹೂಳು, ಹಠಾತ್ತನೆ ಇಳಿಯುವ ಆಳ, ಪಾಚಿಗಟ್ಟಿದ ಕಲ್ಲು ಕಾಣುವುದಿಲ್ಲ. ಕೈಕಾಲು ತೊಳೆಯಲು ಇಳಿದ ಒಬ್ಬನನ್ನು ಉಳಿಸಲು ಮತ್ತೊಬ್ಬ, ಅವನನ್ನು ಉಳಿಸಲು ಇನ್ನೊಬ್ಬ ಇಳಿದು ಒಂದೇ ಮನೆಯ ದೀಪಗಳೆಲ್ಲ ಆರಿದ ಸುದ್ದಿಯನ್ನು ಬೇಸಗೆಯ ರಜೆ ಬಂದಾಗಲೆಲ್ಲ ಓದುತ್ತೇವೆ. ತಿಳಿಯದ ನೀರಿಗೆ ಇಳಿಯಬಾರದು. ಯಾರಾದರೂ ಬಿದ್ದರೆ ಹಿಂದೆಯೇ ಧುಮುಕಬಾರದು. ಕೂಗಿ ಜನರನ್ನು ಕರೆಯಬೇಕು, ಹಗ್ಗವನ್ನೋ ಉದ್ದನೆಯ ಕೊಂಬೆಯನ್ನೋ ಚಾಚಬೇಕು, ಬಾಯಿ ಬಿಗಿದ ಖಾಲಿ ಕ್ಯಾನನ್ನು ಹಗ್ಗಕ್ಕೆ ಕಟ್ಟಿ ಎಸೆಯಬೇಕು. ಅಂಥದೊಂದು ಕ್ಯಾನು ಬಿಡಾರದಲ್ಲಿ ಸಿದ್ಧವಾಗಿರುವಂತೆ ನೋಡಿಕೊಳ್ಳುವುದು ಮಗನ ಪಟ್ಟಿಯಲ್ಲಿ ಸೇರಲಿ. ಮಳೆಗಾಲದಲ್ಲಿ ಹಳ್ಳದ ಮರಳಿನ ಮೇಲೆ ಬಿಡಾರ ಹೂಡಲೇಬಾರದು. ನಮ್ಮ ಬಯಲಿನಲ್ಲಿ ಬಿಸಿಲು ಕಾಯುತ್ತಿದ್ದರೂ ಗಿರಿಯ ಮೇಲೆ ಮಳೆ ಸುರಿದು ಹಳ್ಳಕ್ಕೆ ನೀರು ಬಂದೀತು.

ಎರಡನೆಯದು ಬೆಂಕಿ. ಮಾಘ ಫಾಲ್ಗುಣಗಳಲ್ಲಿ ಹುಲ್ಲು ಒಣಗಿ ಗರಿಗರಿಯಾಗಿರುತ್ತದೆ. ಒಲೆಯ ಸುತ್ತ ಎರಡು ಮೀಟರು ನೆಲವನ್ನು ಮಣ್ಣು ಕಾಣುವಂತೆ ಕೆರೆದು, ಪಕ್ಕದಲ್ಲಿ ಒಂದು ಬಿಂದಿಗೆ ನೀರಿಟ್ಟುಕೊಂಡೇ ಕಡ್ಡಿ ಗೀರಬೇಕು. ಮೂರನೆಯದು ಸ್ಥಳ. ಕಾಯ್ದಿಟ್ಟ ಅರಣ್ಯದಲ್ಲಿ ಮನಸ್ಸಿಗೆ ಬಂದ ಕಡೆ ಉಳಿಯಲು ಯಾರಿಗೂ ಅಧಿಕಾರವಿಲ್ಲ. ಭದ್ರಾ ಅಭಯಾರಣ್ಯ 1998ರಿಂದ ಹುಲಿ ಯೋಜನೆಗೆ ಸೇರಿದೆ. ಅಲ್ಲಿ ತಂಗಬೇಕಾದರೆ ಮುತ್ತೋಡಿಯ ಪ್ರಕೃತಿ ಶಿಬಿರದಂಥ ಕಡೆ ಅನುಮತಿ ಪಡೆದೇ ತಂಗಬೇಕು. ನಮ್ಮ ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲು ಕೃಷ್ಣಮೃಗಗಳ ನೆಲೆ. 2011ರಲ್ಲಿ ಅದನ್ನು ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು. ಅಲ್ಲಿ ಬಿಡಾರ ಸಲ್ಲದು. ನಾವು ಕಲ್ಪಿಸಿದ ಕುಟುಂಬ ಪರಿಚಿತರೊಬ್ಬರ ತೆಂಗಿನ ತೋಟದಲ್ಲಿ, ಅವರ ಒಪ್ಪಿಗೆ ಪಡೆದು ಇಳಿದಿದೆ. ಅದೇ ಉತ್ತಮ. ಬಾವಿಯ ನೀರು ಹತ್ತಿರ, ಅಪತ್ತಿಗೆ ಜನ ಹತ್ತಿರ. ಹೆಣ್ಣುಮಕ್ಕಳಿಗೆ ಶೌಚಕ್ಕೂ ಸ್ನಾನಕ್ಕೂ ಮರೆಯಾದ ಸ್ಥಳ ಉಂಟು. ಈ ಕೊನೆಯ ಅನುಕೂಲವನ್ನು ಮೊದಲೇ ವಿಚಾರಿಸದೆ ಹೊರಟ ಪ್ರವಾಸಗಳಲ್ಲಿ ಹುಡುಗಿಯರು ಹಗಲೆಲ್ಲ ನೀರು ಕುಡಿಯದೆ ಬಾಯಾರಿಕೊಂಡು ಇರುತ್ತಾರೆ. ಗಂಡಸರು ಅದನ್ನು ಗಮನಿಸುವುದೂ ಇಲ್ಲ. ಮಗಳ ಕೈಗೆ ಸಿದ್ಧತೆಯ ಪುಸ್ತಕ ಕೊಟ್ಟರೆ ಇಂಥದೂ ಪಟ್ಟಿಯಲ್ಲಿ ಮೊದಲೇ ಬರುತ್ತದೆ.

ಭಾನುವಾರ ಮಧ್ಯಾಹ್ನ ಟಾರ್ಪಾಲು ಬಿಚ್ಚುವ ಹೊತ್ತು. ಬೂದಿಗೆ ನೀರು ಹೊಯ್ದು, ಕೈಯಿಟ್ಟು ತಣ್ಣಗಾಗಿದೆಯೇ ಎಂದು ನೋಡಿ, ಅದರ ಮೇಲೆ ಮಣ್ಣೆಳೆಯುವುದು ಮಗನ ಕೆಲಸ. ಒಲೆಯ ಮೂರು ಕಲ್ಲುಗಳು ತಾವಿದ್ದ ಕಡೆಗೆ ಹೋಗುತ್ತವೆ. ಚೂರು ಕಾಗದ, ಪ್ಲಾಸ್ಟಿಕ್ ಚೀಲ ಒಂದೂ ಉಳಿಯದಂತೆ ಆರಿಸಿ, ತೋಟದವರಿಗೆ ತಿಳಿಸಿ ಹೊರಡಬೇಕು. ಅಜ್ಜಿ ಗಾಡಿಯ ಕಾಲದ ಅಂತರಘಟ್ಟೆಯ ಬಿಡಾರಗಳ ಕಥೆಯನ್ನು ಮತ್ತೊಮ್ಮೆ ಆರಂಭಿಸಿದ್ದಾರೆ. ಈ ಸಲ ಮೊಮ್ಮಗ ‘ಕಡಾಣಿ ಎಂದರೇನು?’ ಎಂದು ಕೇಳುತ್ತಿದ್ದಾನೆ. ಹಿಂದಿನ ಆಸನದಲ್ಲಿ ಮಗಳು ಲೆಕ್ಕ ಕೂಡುತ್ತಿದ್ದಾಳೆ. ಇನ್ನೂರ ಹತ್ತು ರೂಪಾಯಿ ಉಳಿದಿದೆ. ಅದನ್ನು ಮುಂದಿನ ಬಿಡಾರಕ್ಕೆ ತೆಗೆದಿಡಬೇಕೆಂದು ಆಕೆಯೂ, ಕಡೂರಿನಲ್ಲಿ ಇಳಿದು ಮಸಾಲೆ ದೋಸೆ ತಿನ್ನಬೇಕೆಂದು ತಮ್ಮನೂ ವಾದಿಸುತ್ತಿದ್ದಾರೆ. ತಂದೆ ರಸ್ತೆಯನ್ನೇ ನೋಡುತ್ತಾ ಸುಮ್ಮನೆ ಕಾರು ನಡೆಸುತ್ತಿದ್ದಾರೆ.